ಒಂಬತ್ತನೇ ಪಾಠದ ರಾಜನ ಕಿರೀಟದ ಬಗ್ಗೆ

ಇಲಾಖೆಯ ಕಚೇರಿ (ಕನ್ನಡ ಶಾಖೆ), ಮದರಾಸು
ಸಂಖ್ಯೆ: ಕಿ.ಕ.ಮೀ. 9/ಕ/55
ದಿನಾಂಕ: 2ನೇ ಡಿಸೆಂಬರ್ 1955

ಸುತ್ತೋಲೆ

ವಿಷಯ: ಶಾಲಾ ಚರಿತ್ರೆ ಪುಸ್ತಕಗಳ ಚಿತ್ರಗಳಲ್ಲಿ ರಾಜರು ಧರಿಸತಕ್ಕ ಕಿರೀಟ, ಕತ್ತಿ, ಮೀಸೆ ಮತ್ತಿತರ ರಾಜಲಾಂಛನಗಳನ್ನು ಕ್ರಮಬದ್ಧಗೊಳಿಸುವ ಕುರಿತು.

ಉಲ್ಲೇಖ: (1) ಉಡುಪಿ ತಾಲೂಕಿನ ಕಡಲ ಕರೆಯ ಶಾಲೆಯೊಂದರ ಮುಖ್ಯೋಪಾಧ್ಯಾಯರ ದೂರು.
(2) ಹೋಟೆಲ್ ನೌಕರ ಶ್ರೀ ಕಾಂತಪ್ಪ ಅವರ ಮೌಖಿಕ ಹೇಳಿಕೆ.
(3) ಶ್ರೀಮತಿ ಚಂದ್ರಮತಿ ಅವರ ಮೌಖಿಕ ಹೇಳಿಕೆ. ಇದನ್ನು ಕಚೇರಿಯ ಎಲ್ಲ ಕೊಠಡಿಗಳಲ್ಲಿಯೂ ಏಕಕಾಲಕ್ಕೆ ಆಲಿಸಲಾಗಿದೆ.

1. ಗಣರಾಜ್ಯ ಬಂದ ತರುವಾಯ ಈ ದೇಶದಲ್ಲಿ ರಾಜರು ಪಠ್ಯಪುಸ್ತಕಗಳಲ್ಲಿ ಮಾತ್ರ ಆಳುತ್ತಿರುವುದರಿಂದ, ಅವರ ಕಿರೀಟಗಳ ಸಂಪೂರ್ಣ ಜವಾಬ್ದಾರಿ ಈ ಇಲಾಖೆಯ ಮೇಲೆ ಬಿದ್ದಿರುತ್ತದೆ. ಈ ಜವಾಬ್ದಾರಿಯಲ್ಲಿ ಇತ್ತೀಚೆಗೆ ಒಂದು ಲೋಪ ಸಂಭವಿಸಿರುವುದರಿಂದ, ಅದರ ವಿವರಗಳನ್ನು ಸಮಸ್ತ ಸಿಬ್ಬಂದಿಯ ಎಚ್ಚರಿಕೆಗಾಗಿ ಈ ಮೂಲಕ ಪ್ರಕಟಿಸಲಾಗಿದೆ.

2. ಐದನೇ ತರಗತಿಯ ಚರಿತ್ರೆ ಪುಸ್ತಕದ ಒಂಬತ್ತನೇ ಪಾಠದಲ್ಲಿ ಒಬ್ಬ ರಾಜನಿದ್ದಾನೆ. ಆತ ಹೇಗಿದ್ದನೆಂಬುದಕ್ಕೆ ಶಿಲೆಯಾಗಲಿ ನಾಣ್ಯವಾಗಲಿ ಯಾವ ಆಧಾರವೂ ಇಲ್ಲ. ಇಲಾಖೆಯ ಚಿತ್ರಗಾರ ಶ್ರೀ ಕಮಲಾಕರ ಅವರು ಬರೆದ ಮೊದಲ ಚಿತ್ರ ಮೇಲಧಿಕಾರಿಗಳ ಮಾವನವರನ್ನು ಹೋಲುತ್ತಿತ್ತೆಂದು ತಿರಸ್ಕೃತವಾಯಿತು. ಎರಡನೆಯದು ಯಾರನ್ನೂ ಹೋಲುತ್ತಿರಲಿಲ್ಲವೆಂದು ತಿರಸ್ಕೃತವಾಯಿತು. ಬೇಸತ್ತ ಸದರಿ ಚಿತ್ರಗಾರರು, ತಾವು ಹುಟ್ಟಿ ಬೆಳೆದ ಮದರಾಸಿನ ತ್ರಿಪ್ಲಿಕೇನ್ ಪೇಟೆಯ ಒಂದು ಉಡುಪಿ ಹೋಟೆಲಿನಲ್ಲಿ ಮಧ್ಯಾಹ್ನದ ಕಾಫಿಗೆ ಕುಳಿತಿದ್ದಾಗ, ಒಲೆಯ ಹೊಗೆಯನ್ನು ಸೀಳಿಕೊಂಡು ಒಂದು ಮೂಗು ಹೊರಬಂತು. ಮೂಗಿನ ಹಿಂದೆ ಶ್ರೀ ಕಾಂತಪ್ಪ ಅವರಿದ್ದರು. ಕೈಯಲ್ಲಿ ಸಾಂಬಾರಿನ ಬಕೆಟ್ ಇತ್ತು.

ಅಲ್ಲಿ ನಡೆದ ಸಂಭಾಷಣೆಯನ್ನು ಇಬ್ಬರ ಹೇಳಿಕೆಯಿಂದ ತಾಳೆ ನೋಡಿ ಕೆಳಗೆ ಕೊಡಲಾಗಿದೆ:

"ಕಾಂತಪ್ಪಾ, ಹಾಗೇ ನಿಲ್ಲಪ್ಪಾ. ಅಸೆಯಾಮೆ, ಅಲ್ಲಾಡದೆ ನಿಲ್ಲು. ನಿನ್ನನ್ನ ರಾಜ ಮಾಡ್ತೇನೆ."

"ನಾನು ಎಂತ ರಾಜ ಮಾರಾಯ್ರೆ? ಕೈಯಲ್ಲಿ ಬಕೆಟ್ ಉಂಟು."

"ಬಕೆಟ್ ಯಾರು ಬರೀತಾರೆ? ಅಲ್ಲಿ ಕತ್ತಿ ಬರೀತೇನೆ. ಕೈ ಮಾತ್ರ ಹಾಗೇ ಇರ್ಲಿ."

ಕಿರೀಟ ಲಭ್ಯವಿಲ್ಲದ ಕಾರಣ, ತರಕಾರಿ ತೊಳೆದು ಬಸಿಯುವ ತೂತುಗಳ ಹಿತ್ತಾಳೆ ಪಾತ್ರೆಯನ್ನು ಅವರ ತಲೆಯ ಮೇಲೆ ಬೋರಲು ಹಾಕಲಾಯಿತು. ಅಕ್ಕಿ ಮೂಟೆ ಸಿಂಹಾಸನವಾಯಿತು. ಮೀಸೆ ಇಲ್ಲದಿದ್ದುದರಿಂದ ಅದನ್ನು ಚಿತ್ರಗಾರರು ತಮ್ಮ ಕೈಯಿಂದಲೇ ಒದಗಿಸಿದರು.

3. ಚಿತ್ರವನ್ನು ತಜ್ಞರ ಸಮಿತಿಯ ಮುಂದಿಡಲಾಯಿತು. ಕಿರೀಟದ ತೂತುಗಳು ನವರತ್ನಗಳನ್ನು ಕೂರಿಸುವ ಕುಳಿಗಳೆಂದೂ, ರತ್ನಗಳನ್ನು ಶತ್ರುಗಳು ಕಿತ್ತೊಯ್ದ ದುಃಖ ರಾಜನ ಕಣ್ಣಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆಂದೂ, ಕತ್ತಿಯನ್ನು ಕೆಳಮುಖವಾಗಿ ತೂಗಿ ಹಿಡಿದಿರುವುದು ಆ ವಂಶದ ವಿಶಿಷ್ಟ ಯುದ್ಧಪದ್ಧತಿಯೆಂದೂ ಸಮಿತಿ ಒಮ್ಮತದಿಂದ ಅಭಿಪ್ರಾಯಪಟ್ಟಿತು. ಎಡಗಿವಿಯ ತುದಿ ಏಕೆ ಹರಿದಿದೆ ಎಂದು ಒಬ್ಬ ಸದಸ್ಯರು ಕೇಳಿದ್ದು ನಿಜ. ಯುದ್ಧ ಎಂದು ಇನ್ನೊಬ್ಬರು ಹೇಳಿದ್ದರಿಂದ ಚರ್ಚೆಯನ್ನು ಮುಕ್ತಾಯಗೊಳಿಸಲಾಯಿತು.

ಆದಕಾರಣ, ಇನ್ನು ಮುಂದೆ ತಜ್ಞರ ಸಮಿತಿಯ ಸದಸ್ಯರು ಅಭಿಪ್ರಾಯ ಕೊಡುವ ಮುನ್ನ ಕಡ್ಡಾಯವಾಗಿ ಒಂದು ಅಡುಗೆಮನೆಯನ್ನು ಖುದ್ದಾಗಿ ನೋಡಿ ಬರತಕ್ಕದ್ದೆಂದು ಸೂಚಿಸಲಾಗಿದೆ.

4. ಶ್ರೀ ಕಾಂತಪ್ಪ ಅವರ ಮನಸ್ಸು ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ. ಆದರೂ ಅವರೇ ಅದನ್ನು ಹೇಳಿಕೆಯಲ್ಲಿ ತೆರೆದಿಟ್ಟಿರುವುದರಿಂದ, ಮುಚ್ಚುವ ಅಧಿಕಾರ ಕೆಳಸಹಿದಾರರಿಗಿಲ್ಲದೆ, ದಾಖಲಿಸಲಾಗಿದೆ. ಮಗಳು ಅಂಬೆಗಾಲಿಡುತ್ತಿದ್ದಾಗ ಅವರು ಊರು ಬಿಟ್ಟರು. ಹೊರಡುವ ದಿನ ಬಸ್ಸಿನ ಮೆಟ್ಟಿಲ ಮೇಲೆ ನಿಂತು, ಹತ್ತು ಜನ ಕೇಳುವಂತೆ, ಸ್ವಂತ ಹೋಟೆಲಿನ ಧಣಿಯಾಗಿಯೇ ತಿರುಗಿ ಬರುತ್ತೇನೆಂದು ಹೇಳಿದ್ದರು. ಮದರಾಸಿನಲ್ಲಿ ಅವರು ಎಲೆ ಎತ್ತಿದರು, ಹಿಟ್ಟು ರುಬ್ಬಿದರು, ಬಕೆಟ್ ಹಿಡಿದರು. ಧಣಿ ಆಗಲಿಲ್ಲ. ಮೊದಮೊದಲು, ಮುಂದಿನ ವರ್ಷ ಹೋದರಾಯಿತು ಅಂದುಕೊಂಡರು. ಆಮೇಲೆ ಊರಿನವರು ಯಾರಾದರೂ ಹೋಟೆಲಿಗೆ ಬಂದರೆ ರುಬ್ಬುವ ಕಲ್ಲಿನ ಹಿಂದೆ ಸರಿಯತೊಡಗಿದರು. ಕಾಗದವೂ ನಿಂತಿತು. ಅಕ್ಕಿ ಮೂಟೆಯ ಮೇಲೆ ಪಾತ್ರೆ ಹೊತ್ತು ಕುಳಿತ ಆ ಮಧ್ಯಾಹ್ನ ತಮ್ಮನ್ನು ಯಾರೂ "ಏಯ್" ಎಂದು ಕರೆಯಲಿಲ್ಲವೆಂದೂ, ಎದ್ದು ಹೋಗಲು ಮನಸ್ಸೇ ಬರಲಿಲ್ಲವೆಂದೂ ಹೇಳಿರುತ್ತಾರೆ. ಚಿತ್ರ ಎಲ್ಲಿಗೆ ಹೋಗುತ್ತದೆಂದು ಅವರು ಕೇಳಲಿಲ್ಲ. ಇಲಾಖೆಯಲ್ಲಿ ಎಲ್ಲಾದರೂ ಧೂಳು ತಿನ್ನುತ್ತ ಬಿದ್ದಿರುತ್ತದೆ ಎಂದು ನಂಬಿದ್ದರು. ಇಲಾಖೆಯ ಬಗ್ಗೆ ಅವರ ಈ ತಿಳುವಳಿಕೆ ಸಾಮಾನ್ಯವಾಗಿ ಸರಿಯಾದದ್ದೇ ಆಗಿದೆ.

5. ಆದರೆ ಪುಸ್ತಕ, ಇಲಾಖೆಯ ಇತಿಹಾಸದಲ್ಲೇ ಮೊದಲ ಬಾರಿಗೆ, ಶಾಲೆ ತೆರೆಯುವ ಹೊತ್ತಿಗೆ ಸರಿಯಾಗಿ ದಕ್ಷಿಣ ಕನ್ನಡ ಜಿಲ್ಲೆಯನ್ನು ತಲುಪಿತು. ಕುಮಾರಿ ಅಕ್ಕು ಎಂಬ ವಿದ್ಯಾರ್ಥಿನಿ ಮನೆಯ ಚಾವಡಿಯಲ್ಲಿ ಕುಳಿತು ಪುಟ ಮಗುಚುತ್ತಿದ್ದಾಗ, ಮೀನು ಒಣಗಿಸಲು ಹೊರಟಿದ್ದ ತಾಯಿ ಶ್ರೀಮತಿ ಚಂದ್ರಮತಿ ಬಗ್ಗಿ ನೋಡಿದರು. ಬುಟ್ಟಿ ಅಲ್ಲೇ ಬಿತ್ತು. ಆ ಮೂಗನ್ನೂ ಆ ಹರಿದ ಕಿವಿಯನ್ನೂ ಅವರು ಮರೆತಿರಲಿಲ್ಲ. ಮೈದುನ ಐತ ಎಂಬವರು ಅಣ್ಣ ತೀರಿಹೋದನೆಂದೇ ತೀರ್ಮಾನಿಸಿ ಆತನ ಹೆಸರಿನಲ್ಲಿ ಎಡೆ ಬಡಿಸಿ ಎರಡು ವರ್ಷವಾಗಿತ್ತು. ಬಳೆ ತೆಗೆಯಬೇಕೆಂದು ಮನೆಯವರೆಲ್ಲ ಹೇಳುತ್ತಿದ್ದರು. ಸದರಿ ಶ್ರೀಮತಿಯವರು ತೆಗೆದಿರಲಿಲ್ಲ.

ಅಕ್ಕುವಿನ ಪರೀಕ್ಷೆಯಲ್ಲಿ 'ಚಿತ್ರದಲ್ಲಿರುವವರು ಯಾರು?' ಎಂಬ ಪ್ರಶ್ನೆ ಬಂತು. 'ನನ್ನ ಅಪ್ಪ' ಎಂದು ಹುಡುಗಿ ಬರೆದಳು. ಸೊನ್ನೆ ಬಂತು. ತಿದ್ದಿ ಬರೆಯಲು ಹೇಳಿದಾಗ 'ನನ್ನ ಅಪ್ಪನೇ' ಎಂದು ತಿದ್ದಿ ಬರೆದಳು. ಮುಖ್ಯೋಪಾಧ್ಯಾಯರು ಇಲಾಖೆಗೆ ದೂರು ಕೊಟ್ಟರು. ದೂರನ್ನು ಸ್ವೀಕರಿಸಿ, ಕಿರೀಟಕ್ಕೆ ಸಂಬಂಧಿಸಿದ್ದಲ್ಲವೆಂದು ಬದಿಗಿಡಲಾಯಿತು.

6. ಇದಕ್ಕೆ ಉತ್ತರ ಹೋಗುವ ಮೊದಲೇ ಶ್ರೀಮತಿ ಚಂದ್ರಮತಿ ಮಗಳನ್ನು ಕರೆದುಕೊಂಡು ಮಂಗಳೂರು ಮೇಲ್ ರೈಲಿನಲ್ಲಿ ಮದರಾಸಿಗೆ ಬಂದಿಳಿದರು. ಪುಸ್ತಕದ ಮೊದಲ ಪುಟದಲ್ಲಿ ಅಚ್ಚಾಗಿದ್ದ ವಿಳಾಸವನ್ನು ಕಂಡಕಂಡವರಿಗೆ ತೋರಿಸುತ್ತ ಕಚೇರಿಯ ಬಾಗಿಲಿಗೆ ಬಂದರು. ಬಾಗಿಲ ಬಳಿಯ ಜವಾನ, "ರಾಜಾ ಇಂಗೆ ಯಾರುಮ್ ಇಲ್ಲೆಮ್ಮಾ" ಎಂದು ತಮಿಳಿನಲ್ಲಿ ತಡೆದನು. ಆಕೆಗೆ ತಮಿಳು ಬರುತ್ತಿರಲಿಲ್ಲವಾದ್ದರಿಂದ ಒಳಗೆ ಬಂದರು.

ಕೆಳಸಹಿದಾರರು ಬಂದ ಉದ್ದೇಶ ವಿಚಾರಿಸಿದರು.

"ರಾಜನನ್ನು ಕರ್ಕೊಂಡು ಹೋಗ್ಲಿಕ್ಕೆ ಬಂದದ್ದು."

"ಯಾವ ರಾಜ?"

"ಒಂಬತ್ತನೇ ಪಾಠದ್ದು."

"ಹೆಸರು?"

"ಗಂಡನ ಹೆಸರು ಹೇಳುವ ಕ್ರಮ ನಮ್ಮಲ್ಲಿ ಇಲ್ಲ ಸ್ವಾಮಿ. ನೀವು ಎಂತ ಬೇಕಾದ್ರೂ ಹೆಸರು ಅಚ್ಚು ಹಾಕಿ. ಆಳು ಎಲ್ಲಿ ಉಂಟು ಅದು ಹೇಳಿ."

ಪಠ್ಯಪುಸ್ತಕದ ರಾಜರನ್ನು ವಾರಸುದಾರರಿಗೆ ಹಿಂತಿರುಗಿಸುವ ನಿಯಮ ಇಲ್ಲವೆಂದು ವಿವರಿಸಲಾಯಿತು. ಹಾಗಾದರೆ ಆ ನಿಯಮ ಮಾಡುವವರೆಗೂ ತಾವು ಬೆಂಚಿನ ಮೇಲೆ ಕೂರುವುದಾಗಿ ತಿಳಿಸಿ, ಆಕೆ ಕುಳಿತರು. ಒಳಗಿನ ಕೊಠಡಿಯಿಂದ ಮಾತು ಕೇಳಿಸಿಕೊಂಡ ಶ್ರೀ ಕಮಲಾಕರ ಅವರು ರಜೆ ಪಡೆಯದೆ, ಚಪ್ಪಲಿಯನ್ನೂ ಹಾಕಿಕೊಳ್ಳದೆ, ತ್ರಿಪ್ಲಿಕೇನಿನ ಕಡೆ ಓಡಿದರು.

7. ಯಾರೋ ಓಡಿಬರುವುದನ್ನು ಕಂಡ ಶ್ರೀ ಕಾಂತಪ್ಪ, ಅನುಮತಿ ಇಲ್ಲದೆ ರಾಜನಾಗಿದ್ದಕ್ಕೆ ಹಿಡಿಯಲು ಬಂದರೆಂದು ಭಾವಿಸಿ ಉಗ್ರಾಣ ಸೇರಿದರು. ಸಂಗತಿ ತಿಳಿದಾಗ ಅಕ್ಕಿ ಮೂಟೆಗಳ ಹಿಂದೆ ಇನ್ನೂ ಒಳಕ್ಕೆ ಸರಿದರು.

"ನಾನು ಇಲ್ಲಿ ಇಲ್ಲ ಅಂತ ಹೇಳಿ ಅಯ್ಯ. ಸತ್ತ ಅಂತ ಹೇಳಿದ್ರೂ ಅಡ್ಡಿ ಇಲ್ಲ."

"ಪಾವಂ ಅಪ್ಪಾ, ಪಾಪ ಅವರು. ಆ ಮಗು ನಿನ್ನ ಪುಸ್ತಕವನ್ನ ಎದೆಗೆ ಒತ್ಕೊಂಡು ಕೂತಿದೆ. ಸತ್ತ ಅಂತ ನೀನೇ ಬಂದು ಹೇಳು."

ಜೊತೆ ಕೆಲಸಗಾರ ಶೀನ ಎಂಬವರು ತಮ್ಮ ಒಗೆದ ಅಂಗಿಯನ್ನು ತಂದು ಮುಂದೆ ಹಿಡಿದರು. ಶ್ರೀ ಕಾಂತಪ್ಪ ಅದನ್ನು ಹಾಕಿಕೊಂಡರು. ಗುಂಡಿ ತಪ್ಪಿಹೋಗಿತ್ತು.

8. ಗುರುತು ಪರಿಶೀಲನೆ ಕಚೇರಿಯ ವೇಳೆಯಲ್ಲಿಯೇ ನಡೆಯಿತು. ಶ್ರೀ ಕಾಂತಪ್ಪ ಬಾಗಿಲಲ್ಲಿ ನಿಂತರು. ಶ್ರೀಮತಿ ಚಂದ್ರಮತಿ ಎದ್ದು ನಿಂತರು. ಕುಮಾರಿ ಅಕ್ಕು ಪುಸ್ತಕ ಬಿಡಿಸಿ, ಒಮ್ಮೆ ಪುಟವನ್ನೂ ಒಮ್ಮೆ ಮನುಷ್ಯನನ್ನೂ ನೋಡಿ ತಾಯಿಯ ಸೆರಗು ಹಿಡಿದಳು.

"ಅಮ್ಮ, ಇವರಲ್ಲ. ಅಪ್ಪನಿಗೆ ಮೀಸೆ ಉಂಟು."

ಶ್ರೀ ಕಾಂತಪ್ಪ ಅವರ ಮುಖ ಆಗ ಹೇಗಾಯಿತೆಂಬುದನ್ನು ಬರೆಯಲು ಚಿತ್ರಗಾರರಿಗೂ ಸಾಧ್ಯವಿಲ್ಲವೆಂದು ಅವರೇ ಹೇಳಿರುತ್ತಾರೆ. ಶ್ರೀ ಕಾಂತಪ್ಪ ತಿರುಗಿ ಹೊರಡಲು ಹೆಜ್ಜೆ ಎತ್ತಿದರು. ಶ್ರೀ ಕಮಲಾಕರ ಅವರು ಕೆಳಸಹಿದಾರರ ಮೇಜಿನ ಮೇಲಿದ್ದ ಶಾಯಿಯಲ್ಲಿ ಕುಂಚ ಅದ್ದಿ, ಹೊರಟವರ ಗಲ್ಲ ಹಿಡಿದು ನಿಲ್ಲಿಸಿ, ಮೇಲ್ತುಟಿಯ ಮೇಲೆ ಎರಡೇ ಎಳೆತದಲ್ಲಿ ಮೀಸೆ ಬರೆದರು. ಶ್ರೀ ಕಾಂತಪ್ಪ ಮಗುವಿನ ಮುಂದೆ ಮಂಡಿಯೂರಿದರು. ಮಗು ತುಂಬ ಹೊತ್ತು ನೋಡಿತು. ಹರಿದ ಕಿವಿಯನ್ನು ಮುಟ್ಟಿತು. ಆಮೇಲೆ ಲಂಗದ ಅಂಚಿಗೆ ಉಗುಳು ಹಚ್ಚಿ ಮೀಸೆಯನ್ನು ಒರೆಸತೊಡಗಿತು.

"ಮನೆಗೆ ಇದು ಬೇಡ. ಇದು ಪುಸ್ತಕದ್ದು."

"ಎಂತ ಮುಖ ಇಟ್ಕೊಂಡು ಬರುದು ನಾನು?" ಎಂದು ಶ್ರೀ ಕಾಂತಪ್ಪ ಹೆಂಡತಿಯನ್ನು ಕೇಳಿದರು. "ಧಣಿ ಆಗಿ ಬರ್ತೇನೆ ಅಂದಿದ್ದೆ."

"ಧಣಿ ಆಗಿ ಬನ್ನಿ ಅಂತ ನಾನು ಯಾವಾಗ ಹೇಳಿದ್ದು? ಬನ್ನಿ ಅಂತ ಮಾತ್ರ ಹೇಳಿದ್ದು. ಸರಕಾರ ನಿಮ್ಮ ಮುಖ ಅಚ್ಚು ಹಾಕಿ ಜಿಲ್ಲೆಯಿಡೀ ಹಂಚಿದೆ. ಇನ್ನು ಎಲ್ಲಿ ಅಡಗಿಸ್ತೀರಿ ಅದನ್ನು?"

ಇದಾದ ಬಳಿಕ ನಡೆದದ್ದನ್ನು ಕೆಳಸಹಿದಾರರು ನೋಡಿರುವುದಿಲ್ಲ. ಅವರು ಆ ಸಮಯದಲ್ಲಿ ಕಿಟಕಿಯ ಆಚೆ ನೋಡುತ್ತಿದ್ದರು. ಕಿಟಕಿಯ ಆಚೆ ನೋಡತಕ್ಕದ್ದು ಏನೂ ಇರಲಿಲ್ಲವೆಂದು ಪ್ರಾಮಾಣಿಕವಾಗಿ ದಾಖಲಿಸಲಾಗಿದೆ.

9. ಮೇಲ್ಕಂಡ ಅವ್ಯವಸ್ಥೆಗೆ ಕಿರೀಟವೇ ಮೂಲಕಾರಣವೆಂದು ಇಲಾಖೆ ಪರಿಗಣಿಸಿ, ತಕ್ಷಣದಿಂದ ಜಾರಿಗೆ ಬರುವಂತೆ ಈ ಕೆಳಗಿನಂತೆ ಆದೇಶಿಸಿದೆ:

(ಅ) ಆಧಾರವಿಲ್ಲದ ರಾಜರ ಕಿರೀಟ ನಾಲ್ಕು ಬೆರಳು ಮೀರಕೂಡದು. ಕೆರೆ ಕಟ್ಟಿಸಿದ ರಾಜರಿಗೆ ಕೆರೆಗೊಂದರಂತೆ ಒಂದು ಬೆರಳು ಹೆಚ್ಚಿಸಬಹುದು. ಕೆರೆ ಒಡೆದಿದ್ದಲ್ಲಿ ಆ ಬೆರಳನ್ನು ಹಿಂತೆಗೆದುಕೊಳ್ಳಲಾಗುವುದು.

(ಆ) ಯುದ್ಧದಲ್ಲಿ ಸೋತ ರಾಜನ ಕಿರೀಟ ವಾಲಿರತಕ್ಕದ್ದು. ದಾಯಾದಿಗಳಿಂದ ಸೋತಿದ್ದರೆ ಎಡಕ್ಕೆ, ಹೊರಗಿನವರಿಂದ ಸೋತಿದ್ದರೆ ಬಲಕ್ಕೆ. ಇಬ್ಬರಿಂದಲೂ ಸೋತವರು ರುಮಾಲು ಸುತ್ತತಕ್ಕದ್ದು.

(ಇ) ನಿದ್ರಿಸುತ್ತಿರುವ ರಾಜನ ಕಿರೀಟ ಪಕ್ಕದ ಮಣೆಯ ಮೇಲಿರತಕ್ಕದ್ದು. ಮಣೆಗೆ ಪ್ರತ್ಯೇಕ ಛತ್ರಿ ಹಿಡಿಯತಕ್ಕದ್ದು.

(ಈ) ಚಿತ್ರಗಾರರು ಬರೆಯುವ ರಾಜನ ಮುಖ ಯಾರ ತಂದೆಯೂ, ಗಂಡನೂ, ಅಣ್ಣನೂ ಆಗಿರತಕ್ಕದ್ದಲ್ಲ. ಅಂಥ ಮುಖ ದೊರೆಯುವವರೆಗೆ ಕಿರೀಟವನ್ನು ಮಾತ್ರ ಬರೆದು, ಕೆಳಗೆ ಖಾಲಿ ಜಾಗ ಬಿಡತಕ್ಕದ್ದು. ಮಕ್ಕಳು ಅಲ್ಲಿ ಏನನ್ನೂ ಬರೆಯದಂತೆ ಉಪಾಧ್ಯಾಯರು ಕಾವಲಿರತಕ್ಕದ್ದು.

(ಉ) ಕಚೇರಿಯ ಶಾಯಿಯಲ್ಲಿ ಜೀವಂತ ವ್ಯಕ್ತಿಗಳಿಗೆ ಮೀಸೆ ಬರೆಯುವುದನ್ನು ನಿಷೇಧಿಸಲಾಗಿದೆ.

(ಊ) ಪಠ್ಯಪುಸ್ತಕದ ರಾಜನನ್ನು ಮನೆಗೆ ಕರೆದೊಯ್ಯಬಯಸುವ ಕುಟುಂಬಗಳು ಮೂರು ಪ್ರತಿಗಳಲ್ಲಿ ಅರ್ಜಿ ಸಲ್ಲಿಸಿ, ಆ ರಾಜನಿಗೆ ಆಯಾ ಪಾಠದಿಂದ ಬಿಡುಗಡೆ ದೊರೆತ ನಂತರವೇ ಕರೆದೊಯ್ಯತಕ್ಕದ್ದು.

10. ಕಿವಿಯನ್ನು ಅಷ್ಟು ಸರಿಯಾಗಿ ಬರೆದದ್ದೇಕೆಂದು ಶ್ರೀ ಕಮಲಾಕರ ಅವರಿಂದ ಸಮಜಾಯಿಷಿ ಕೇಳಲಾಯಿತು. "ಕಿವಿ ಹಾಗೇ ಇತ್ತು" ಎಂದು ಉತ್ತರಿಸಿರುತ್ತಾರೆ. ಈ ಉತ್ತರ ತೃಪ್ತಿಕರವಾಗಿಲ್ಲ. ಅವರನ್ನು ಸಸ್ಯಶಾಸ್ತ್ರದ ಚಿತ್ರಗಳಿಗೆ ವರ್ಗಾಯಿಸಲಾಗಿದೆ. ಗಿಡಮರಗಳನ್ನು ಕರೆದೊಯ್ಯಲು ಯಾರೂ ರೈಲು ಹತ್ತಿ ಬರುವುದಿಲ್ಲವೆಂದು ಇಲಾಖೆ ನಂಬಿರುತ್ತದೆ.

11. ಶ್ರೀ ಕಾಂತಪ್ಪ ಅವರು ಅರ್ಜಿ ಇಲ್ಲದೆಯೇ ಹೆಂಡತಿ ಮಗಳೊಂದಿಗೆ ಊರು ಸೇರಿದ್ದು, ಐತ ಅವರು ಅಣ್ಣನನ್ನು ಬಾಗಿಲಲ್ಲಿ ಕಂಡು ಮೊದಲು ಒಳಗೆ ಓಡಿ, ಆಮೇಲೆ ಹೊರಗೆ ಬಂದು ಕಾಲು ಹಿಡಿದು ಅತ್ತರೆಂದು ಮುಖ್ಯೋಪಾಧ್ಯಾಯರು ವರದಿ ಮಾಡಿರುತ್ತಾರೆ. ಈಗ ಶಾಲೆಯ ಎದುರು ಅವರದೊಂದು ಚಹಾದ ಅಂಗಡಿ ಇದೆ. ಒಂದು ಬೆಂಚು, ಒಂದು ಒಲೆ. ಬೆಳಿಗ್ಗೆ ಶಾಲೆಗೆ ಹೋಗುವ ಮಕ್ಕಳು ಅಲ್ಲಿ ನಿಂತು "ನಮಸ್ಕಾರ ಮಹಾರಾಜ" ಎನ್ನುವುದಾಗಿಯೂ, ಸದರಿಯವರು ಗಾಜಿನ ಲೋಟ ಎತ್ತಿ ಅದನ್ನು ಸ್ವೀಕರಿಸುವುದಾಗಿಯೂ ತಿಳಿದುಬಂದಿದೆ. ಇದು ಗಣರಾಜ್ಯದ ಆಶಯಕ್ಕೆ ವಿರುದ್ಧವಾಗಿದೆಯೇ ಎಂಬುದನ್ನು ಪರಿಶೀಲಿಸಲಾಗುತ್ತಿದೆ. ಪರಿಶೀಲನೆಯನ್ನು ಬೇಗ ಮುಗಿಸತಕ್ಕದ್ದಲ್ಲವೆಂದು ಕೆಳಸಹಿದಾರರು ಖುದ್ದಾಗಿ ಸೂಚಿಸಿರುತ್ತಾರೆ.

(ಸಹಿ)
ಮಧ್ವರಾಜ
ಮೇಲ್ವಿಚಾರಕರು, ಕಿರೀಟ ಮತ್ತು ಇತರ ಶಿರಸ್ತ್ರಾಣಗಳ ವಿಭಾಗ

ಪ್ರತಿಗಳು:
1. ಎಲ್ಲ ಚಿತ್ರಗಾರರಿಗೆ, ಪಾಲನೆಗಾಗಿ.
2. ತಜ್ಞರ ಸಮಿತಿಗೆ, ಅಭಿಪ್ರಾಯ ಕೊಡದೆ ಓದಿಕೊಳ್ಳುವ ಸಲುವಾಗಿ.
3. ಮುಖ್ಯೋಪಾಧ್ಯಾಯರಿಗೆ. ವಿದ್ಯಾರ್ಥಿನಿಯ ಉತ್ತರ ಪಾಠದ ಪ್ರಕಾರ ತಪ್ಪು, ಚಿತ್ರದ ಪ್ರಕಾರ ಸರಿ. ಅರ್ಧ ಅಂಕ ಕೊಡತಕ್ಕದ್ದು.
4. ಶ್ರೀ ಕಾಂತಪ್ಪ ಅವರಿಗೆ, ಶ್ರೀಮತಿ ಚಂದ್ರಮತಿ ಅವರ ಮೂಲಕ. ಇನ್ನು ಮುಂದೆ ಇವರಿಗೆ ಏನೇ ಇದ್ದರೂ ತಮ್ಮ ಮೂಲಕವೇ ಬರತಕ್ಕದ್ದೆಂದು ಸದರಿ ಶ್ರೀಮತಿಯವರು ಈ ಕಚೇರಿಗೆ ಆದೇಶಿಸಿರುತ್ತಾರೆ.