ನಮ್ಮ ಹವಾ ಮಷೀನಿನ ಮೂರು ತಪ್ಪು

ಕೆಲವರ ಮನೆಯಲ್ಲಿ ಎಮ್ಮೆ ಒದೆಯುತ್ತದೆ, ಕೆಲವರ ಮನೆಯಲ್ಲಿ ಅಳಿಯ ಮುನಿಯುತ್ತಾನೆ. ನಮ್ಮ ಮನೆಯಲ್ಲಿ ಏನೇ ನಡೆದರೂ ಅದಕ್ಕೆ ಹವಾ ಮಷೀನೇ ಕಾರಣ.

ಕನ್ನಡ, ಮರಾಠಿ ಎರಡೂ ನಡೆಯುವ ಗಡಿಯೂರು ತುರೋರಿಯ ಹೆದ್ದಾರಿಗೆ ಹತ್ತಿಕೊಂಡೇ ನಮ್ಮ ಮನೆ. ಬಸ್ ಕಂಡಕ್ಟರಿಕೆಯಿಂದ ನಿವೃತ್ತನಾದ ಮೇಲೆ ಹಳೆಯ ಮಂಚ, ಕುರ್ಚಿ, ಸೈಕಲ್ಲುಗಳಿಗೆ ಬಣ್ಣ ಹೊಡೆಯುವ ಹುಚ್ಚು ಹತ್ತಿ, ಹವಾದಿಂದ ಬಣ್ಣ ಸಿಡಿಸಲೆಂದು ಉದಗೀರದ ಪಂಕ್ಚರ್ ಅಂಗಡಿಯೊಂದರಿಂದ ಈ ಕಂಪ್ರೆಸರ್ ತಂದೆ. ನನಗಿಂತ ನಾಲ್ಕೇ ವರ್ಷ ಚಿಕ್ಕದು. ದಿನಾ ಅದರ ಟಾಕಿಯಲ್ಲಿ ಕೂತ ನೀರು ಬಿಡಬೇಕು, ಎಣ್ಣೆ ನೋಡಬೇಕು, ಮೈ ಬಿಸಿಯಾಗಿದೆಯೇ ಎಂದು ಮುಟ್ಟಬೇಕು.

"ನನಗ ಜ್ವರ ಬಂದಾಗ ಒಮ್ಮೆರ ಹಿಂಗ ಕೈ ಇಟ್ಟು ನೋಡೀರಿ?" ಎಂದು ಹೆಂಡತಿ ಕೇಳಿದ್ದುಂಟು. ಒಂದು ದಿನ ಫೈಸಲಾ ಮಾಡಿಯೇಬಿಟ್ಟಳು. "ಮೂರು ತಪ್ಪು ನೋಡ್ತೀನ್ರಿ. ಮೂರನೇದಕ್ಕ ಭಂಗಾರದವಗ ಕೊಟ್ಟುಬಿಡ್ತೀನಿ!"

ಭಂಗಾರದವನೆಂದರೆ ನಮ್ಮಲ್ಲಿ ಗುಜರಿಯವ. ಮಷೀನು ಹೋದರೆ ನಾನು ದಿನವಿಡೀ ಏನು ಮಾಡಲಿ? ಕಟ್ಟೆಯ ಮೇಲೆ ಕೂತು ಹೋಗಿ ಬರುವ ಬಸ್ಸಿಗೆಲ್ಲ ಸೀಟಿ ಊದಲೇ?

ಒಂದನೇ ತಪ್ಪು

ಟಾಕಿಯ ನೀರು ಬಿಡುವ ನಲ್ಲಿ ತುಕ್ಕು ಹಿಡಿದು ಕೂತಿತ್ತು. ನಟ್ಟು ಬಿಚ್ಚುವ ಪಾನಾದಿಂದ ಮೆಲ್ಲಗೆ ಒಂದು ಏಟು ಕೊಟ್ಟೆ. ನಲ್ಲಿಯೇ ಕಿತ್ತು ಬಂದು, ಟಾಕಿಯ ಹವಾ ಎಲ್ಲ ಒಮ್ಮೆಲೇ ಢಬ್ ಎಂದು ಹೊರಗೆ ಬಿತ್ತು.

ಹೆದ್ದಾರಿಯ ಮೇಲೆ ಕಬ್ಬಿನ ಲಾರಿಯೊಂದು ಗಕ್ಕನೆ ನಿಂತಿತು. ಅದರ ಹಿಂದೆ ಬಸ್ಸೂ ನಿಂತಿತು. ಲಾರಿ ಡ್ರೈವರ್ ಇಳಿದು, ರಾಡಿನಿಂದ ಒಂದೊಂದೇ ಟಾಯರು ಬಡಿದು ನೋಡಿದ. ಎಲ್ಲವೂ ಗಟ್ಟಿಯಾಗಿದ್ದವು. ಅವನಿಗೆ ಸಮಾಧಾನವಿಲ್ಲ.

"ಆವಾಜ ಬಂದದ ಅಂದ್ಮ್ಯಾಲ ಟಾಯರ ಹೋಗೇ ಹೋಗ್ಯಾದ!"

ನಾನು ಕಿತ್ತ ನಲ್ಲಿಯನ್ನು ಮುಷ್ಟಿಯಲ್ಲಿ ಹಿಡಿದು ಗೋಡೆಯ ಹಿಂದೆ ಗಪ್‌ಚುಪ್ ನಿಂತಿದ್ದೆ. ಅಷ್ಟರಲ್ಲಿ ಬಸ್ಸಿನ ಮಂದಿಯೆಲ್ಲ ನಮ್ಮ ಅಂಗಳಕ್ಕೆ ಬಂದು, ನಮ್ಮ ಮಡಕೆಯ ನೀರು ಕುಡಿದು ಮುಗಿಸಿದರು. ಹೆಂಡತಿ ನನ್ನನ್ನು ನೋಡಿ ಒಂದು ಬೆರಳು ಎತ್ತಿದಳು.

ಡ್ರೈವರ್ ಒಳಗೆ ಇಣುಕಿ, "ಕಾಕಾ, ಮಷೀನ್ ಅದಲ್ಲ? ಎಲ್ಲಾ ಟಾಯರಿಗಿ ಜರಾ ಹವಾ ಹಾಕ್ರಿ" ಎಂದ.

"ಹವಾ ಈಗತಾನೇ ಖಾಲಿ ಆಗ್ಯಾದಪ್ಪಾ" ಎಂದೆ. ಆ ದಿನ ನಾನು ಹೇಳಿದ ನಿಜ ಅದೊಂದೇ.

ಎರಡನೇ ತಪ್ಪು

ಖಂಡೇನವಮಿಯ ಆಯುಧಪೂಜೆಗೆ ಮಷೀನು ತೊಳೆದು, ಹವಾ ಎಳೆದುಕೊಳ್ಳುವ ಬಾಯಿಯ ಸ್ಪಂಜನ್ನು ಬಿಸಿಲಿಗೆ ಹಾಕಿದ್ದೆ. ಪೂಜೆಯ ಹೊತ್ತಿಗೆ ಮಷೀನು ಚಾಲೂ ಇದ್ದರೆ ಚೆಂದ ಎಂದು ಸ್ಪಂಜಿಲ್ಲದ ಬಾಯಿಯಲ್ಲೇ ಚಾಲೂ ಮಾಡಿದೆ. ಪಕ್ಕದ ಮನೆಯ ಕುರಿಗಾರ, ಬೀರಪ್ಪ ದೇವರ ಭಕ್ತ. ಭಕ್ತಿಯಿಂದ ಬಂದು, ಬೊಗಸೆ ತುಂಬ ಭಂಡಾರ ಎರಚಿದ. ಆ ಅರಿಶಿನದ ಪುಡಿಯನ್ನೆಲ್ಲ ಮಷೀನು ಒಂದೇ ಉಸಿರಿಗೆ ಎಳೆದುಕೊಂಡಿತು.

ಕೆಲವು ದಿನದ ಮೇಲೆ ಹೆಂಡತಿಯ ಅಣ್ಣ ಬಂದರು. ಅರವತ್ತು ದಾಟಿದವರು. ನಿಲಂಗಾದ ಮದುವೆಯೊಂದಕ್ಕೆ ಹೊರಟಿದ್ದರು, ಮೈಮೇಲೆ ಹಾಲಿನಂಥ ಬಿಳಿ ಧೋತರ, ಅಂಗಿ. "ದಾರಿಯ ಧೂಳು ಜಾಡಿಸ್ತೀನಿ ಬರ್ರಿ" ಎಂದು ಗತ್ತಿನಿಂದ ಹವಾದ ಗನ್ ಒತ್ತಿದೆ.

ಧೂಳೇನೋ ಹೋಯಿತು. ಭಂಡಾರ ಬಂತು. ಅಣ್ಣನವರು ಟೊಪ್ಪಿಗೆಯಿಂದ ಧೋತರದವರೆಗೆ ಹಳದಿ! ಜಾಡಿಸಲು ಕೈ ಎತ್ತಿದರೆ ಕುರಿಗಾರ ಓಡಿ ಬಂದು ತಡೆದ. "ಜಾಡಿಸಬ್ಯಾಡ್ರಿ, ದೇವರು ಕೊಟ್ಟದ್ದು!"

ಬಸ್ಸಿಗೆ ಹೊತ್ತಾಗಿತ್ತು, ಹಾಗೆಯೇ ಹೋದರು. ಅಲ್ಲಿ ಚಪ್ಪರದ ಬಾಗಿಲಲ್ಲೇ ಹೆಣ್ಣಿನ ಕಡೆಯ ಮುದುಕಿಯೊಬ್ಬಳು ಇವರನ್ನು ಮೇಲಿನಿಂದ ಕೆಳಗೆ ನೋಡಿ ಅಳತೊಡಗಿದಳಂತೆ: "ಹುಡುಗಗ ಇಷ್ಟು ವಯಸ್ಸಾಗ್ಯಾದ ಅಂತ ಯಾರೂ ಹೇಳಿಲ್ಲಲ್ರೀ!"

ಮೂರನೇ ತಪ್ಪು

ಮೂರನೆಯದು ಸಣ್ಣದೇ. ಅಂಗಳದಲ್ಲಿ ಒಣಗಿದ್ದ ಶಾವಿಗೆಯ ಮೇಲೆ ಮಷೀನು ಕರೀ ಎಣ್ಣೆ ಉಗುಳಿತು. ಆದರೆ ಲೆಕ್ಕ ಲೆಕ್ಕವೇ. ಐತವಾರ ಬೆಳಗ್ಗೆ ಭಂಗಾರದವನ ಕೈಗಾಡಿ ಬಾಗಿಲಿಗೆ ಬಂದು ನಿಂತಿತು.

"ಚಾಲೂ ಅದನೋ, ಬಂದ್ ಅದನೋ? ಒಮ್ಮೆ ಹಾಕಿ ತೋರಸ್ರಿ" ಎಂದ.

ಭಾರವಾದ ಮನಸ್ಸಿನಿಂದ ಕೊನೆಯ ಸಲ ಬಟನ್ ಒತ್ತಿದೆ. ಮಷೀನು ಬಿಸಿಯಾಯಿತು. ಸ್ವಲ್ಪ ಹೊತ್ತಿಗೆ ಭಂಗಾರದವನ ಮೂಗು ಮೇಲಕ್ಕೆದ್ದಿತು. ನನ್ನದೂ ಎದ್ದಿತು. ಘಮಘಮ ಭಜಿಯ ವಾಸನೆ! ಕುರಿಗಾರ ಬಂದ. ಎದುರುಮನೆಯಾಕೆ ಕೈಯಲ್ಲಿ ತಾಟು ಹಿಡಿದೇ ಬಂದಳು. "ವೈನಿ, ಕಾಂದಾ ಭಜಿ ಕಾ ಆಜ?" ಇವತ್ತು ಉಳ್ಳಾಗಡ್ಡಿ ಭಜಿಯೇ ಎಂದು ಅವಳ ಮರಾಠಿ.

"ಒಲಿನೇ ಹಚ್ಚಿಲ್ಲವಾ" ಎಂದು ಹೆಂಡತಿ ಆಣೆ ಮಾಡಿದರೂ ಯಾರೂ ನಂಬಲಿಲ್ಲ. ಅಂಗಳ ತುಂಬಿತು.

ಬಗ್ಗಿ ಮಷೀನಿನ ಎಣ್ಣೆಯ ಗಾಜು ನೋಡಿದೆ. ಸದಾ ಕಪ್ಪಗೆ ಇರುತ್ತಿದ್ದದ್ದು ಬಂಗಾರದ ಬಣ್ಣಕ್ಕೆ ತಿರುಗಿ, ಕೆಂಪು ಗುರುತು ದಾಟಿ ತುಂಬಿತ್ತು.

"ಇದರಾಗ ಯಾರು ಏನು ಹಾಕ್ಯಾರ?"

ಹೆಂಡತಿ ಸೆರಗು ಬಾಯಿಗೆ ಹಿಡಿದಳು. "ನಾನೇ ಹಾಕೀನ್ರಿ. ಗಾಣದ ಕುಸುಬಿ ಎಣ್ಣಿ. ಇಷ್ಟು ವರ್ಷ ಮನ್ಯಾಗ ಇತ್ತು, ಇವತ್ತ ಹೊಂಟದ. ಮಗಳನ್ನ ಗಂಡನ ಮನಿಗಿ ಕಳಸಬೇಕಾದ್ರ ತಲಿಗಿ ಎಣ್ಣಿ ಹಚ್ಚದೇ ಕಳಸ್ತಾರೇನ್ರಿ?"

ಅವಳ ಕಣ್ಣು ತುಂಬಿದ್ದವು. 'ಅಡಿಗೆ ಎಣ್ಣೆ ಹಾಕಿದರೆ ಮಷೀನು ಕೆಡ್ತದಲ್ಲೇ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ನನಗಾದ ಸಂತೋಷಕ್ಕೆ ನಾನೇ ಕೂತು ಉಳ್ಳಾಗಡ್ಡಿ ಹೆಚ್ಚಿಕೊಟ್ಟೆ. ಬಂದವರನ್ನು ಬರಿಗೈಲಿ ಕಳಿಸಬಾರದೆಂದು ಅವಳು ಕಡ್ಲಿಹಿಟ್ಟು ಕಲಸಿ, ಎರಡು ಬುಟ್ಟಿ ಭಜಿ ಕರಿದಳು.

ಎಲ್ಲರಿಗಿಂತ ಕೊನೆಗೆ ಎದ್ದವನು ಭಂಗಾರದವ. ಕೈ ಒರೆಸಿಕೊಂಡು, ಖಾಲಿ ಗಾಡಿಯನ್ನು ತಿರುಗಿಸಿದ.

"ಭಾಬಿ, ಇದನ್ನ ನಾ ಒಯ್ಯಲ್ರಿ. ಮುಂದಿನ ಐತವಾರ ಎಷ್ಟ ಗಂಟಿಗಿ ಚಾಲೂ ಮಾಡ್ತೀರಿ, ಅಷ್ಟು ಹೇಳ್ರಿ."