ನೂರಕ್ಕೆ ನೂರು, ಮತ್ತು ಫಾದರ್ ನಿಲುವಂಗಿ

ಈ ಸಲ ಫಿಂಟನ್ ಬಾಯಿಂದ ಹೇಳಿಸಿಯೇ ತೀರುತ್ತೇನೆಂದು ಶಪಥ ಮಾಡಿದೆ! ಏನನ್ನು ಅಂತೀರಾ? "ಡರ್ವ್ಲಾ, ನೀನು ಕಾರು ಚೆನ್ನಾಗಿ ಓಡಿಸ್ತೀಯ." ಇಷ್ಟೇ. ಮದುವೆಯಾದಾಗಿನಿಂದ ಈ ಒಂದು ಮಾತಿಗೆ ನನ್ನ ಕಿವಿ ಹಂಬಲಿಸುತ್ತಿದೆ. ನನ್ನ ಗಂಡ ಚರ್ಚಿನಲ್ಲಿ ತೂಕಡಿಸುವವರು. ಕಾರಿನಲ್ಲಿ ನನ್ನ ಪಕ್ಕ ಕೂತರೆ ಮಾತ್ರ ಜಪಮಾಲೆ ಹೊರಗೆ ಬರುತ್ತದೆ. ಅದನ್ನು ಬಹಳ ಕಾಲ ಭಕ್ತಿಯೆಂದೇ ನಂಬಿದ್ದೆ!

ಅವರು ಹೇಳದಿದ್ದರೇನು, ವಿಮೆಯವರು ಹೇಳುತ್ತಿದ್ದರು. ಹೆಂಗಸರು ಜೋಪಾನವಾಗಿ ಓಡಿಸುತ್ತಾರೆಂದು ನನಗೆ ಕಂತು ಕಮ್ಮಿ, ಅವರಿಗೆ ಜಾಸ್ತಿ. ಪ್ರತಿ ವರ್ಷ ಆ ಸುದ್ದಿಯನ್ನು ಬೇಯಿಸಿದ ಆಲೂಗಡ್ಡೆಯ ಜೊತೆ ಅವರಿಗೆ ಬಡಿಸುತ್ತಿದ್ದೆ. ಅಷ್ಟರಲ್ಲಿ ಯುರೋಪಿನ ನ್ಯಾಯಾಲಯ, ಕಂತಿನಲ್ಲಿ ಗಂಡು ಹೆಣ್ಣೆಂಬ ಭೇದ ಕೂಡದು ಎಂದಿತು. ನನ್ನ ಕಂತು ಏರಿತು, ಹೊಗಳಿಕೆ ಹಾರಿತು.

"ಸಮಾನತೆ ಬಂತು ಕಣೇ! ಇವತ್ತು ಟೀ ನಾನೇ ಮಾಡ್ತೀನಿ!" ಎಂದು ಫಿಂಟನ್ ಕುಣಿದರು. ಸಕ್ಕರೆ ಡಬ್ಬ ಎಲ್ಲಿದೆಯೆಂದು ಅವರಿಗೆ ಗೊತ್ತಿರಲಿಲ್ಲ.

ಬಿಡುತ್ತೇನೆಯೇ? ಕಾರಿಗೆ ವಿಮೆಯವರ ಕರಿ ಪೆಟ್ಟಿಗೆ ಹಾಕಿಸಿದೆ. ವೇಗ ಮೀರಿದರೆ, ಗಕ್ಕನೆ ಬ್ರೇಕ್ ಒತ್ತಿದರೆ ಅಂಕ ಕತ್ತರಿಸಿ, ಸಂಜೆ ಫೋನಿಗೆ ಫಲಿತಾಂಶ ಕಳಿಸುತ್ತದೆ. ಗಂಡೋ ಹೆಣ್ಣೋ ನೋಡದೆ ನಡತೆ ಮಾತ್ರ ನೋಡುವ, ದೇವರಂಥ ಪೆಟ್ಟಿಗೆ!

ಭಾನುವಾರ ಚರ್ಚಿನ ಬಲಿಪೂಜೆಗೆ ಹೊರಟೆವು. ಹಿಂದಿನ ಟ್ರ್ಯಾಕ್ಟರ್ ಹಾರ್ನ್ ಹೊಡೆದು ನಮ್ಮನ್ನು ದಾಟಿತು.

"ನಡ್ಕೊಂಡು ಹೋಗಿದ್ರೆ ಇಷ್ಟೊತ್ತಿಗೆ ಪ್ರವಚನ ಮುಗೀತಿತ್ತು."

"ಸುಮ್ನೆ ಜಪ ಮಾಡ್ರೀ!"

ಫಾದರ್ ಕಾರ್ಮಾಕ್ ಅವರ ಮನೆಯ ತಿರುವಿನಲ್ಲಿ, ರಸ್ತೆ ಮಧ್ಯೆ ಒಂದು ಕುರಿ!

"ಬ್ರೇಕ್ ಒತ್ತೇ! ಬ್ರೇಕು!"

"ಅಂಕ ಹೋಗತ್ತೆ ರೀ!"

ಮೆಲ್ಲಗೆ, ಬಲು ನಾಜೂಕಾಗಿ ಪಕ್ಕಕ್ಕೆ ತಿರುಗಿಸಿದೆ. ತೆರೆದ ಗೇಟಿನೊಳಗೆ ನುಗ್ಗಿ, ಎಲೆಕೋಸಿನ ಮಡಿಗಳನ್ನು ಸವರಿಕೊಂಡು, ಬಟ್ಟೆ ಒಣಹಾಕಿದ ಹಗ್ಗಕ್ಕೆ ಸಿಕ್ಕಿ ನಿಂತೆವು. ಗಾಜಿನ ತುಂಬ ಒದ್ದೆ ನಿಲುವಂಗಿ! ಪೂಜೆಗೆ ಹೊರಟಿದ್ದ ಫಾದರ್ ಅದನ್ನು ಸರಿಸಿ ಇಣುಕಿದರು.

"ಪೂಜೆ ಚರ್ಚಿನಲ್ಲಿ ಕಣಮ್ಮ, ಡರ್ವ್ಲಾ."

ಸಂಜೆ ಫೋನ್ ಟಿಣ್ ಎಂದಿತು. ನೂರಕ್ಕೆ ನೂರು! ಓಡಿಹೋಗಿ ಫಿಂಟನ್ ಮುಂದೆ ಹಿಡಿದೆ.

"ಈಗಲಾದ್ರೂ ಹೇಳ್ರೀ." ಜಂಬದಿಂದ ಹೇಳಬೇಕೆಂದುಕೊಂಡದ್ದು ಬೇಡಿಕೊಂಡಂತೆ ಬಂತು.

ಅವರು ಕನ್ನಡಕ ತೆಗೆದರು. "ಪೆಟ್ಟಿಗೆಗೆ ಕಣ್ಣಿಲ್ಲ ಕಣೇ. ನನಗಿದೆ. ಎಲ್ಲಾ ನೋಡಿದ ಮೇಲೂ ಇಷ್ಟು ವರ್ಷ ನಿನ್ನ ಪಕ್ಕ ಕೂರೋದು ಬಿಟ್ಟಿದೀನಾ?"

ನಾನು ಕಾದಿದ್ದ ಮಾತು ಅದಲ್ಲ. ಆದರೂ ಫೋನನ್ನು ಬದಿಗಿಟ್ಟು ಅವರ ಪಕ್ಕದಲ್ಲೇ ಕೂತೆ.

"ಹಾಗಾದ್ರೆ ಮುಂದಿನ ಭಾನುವಾರವೂ ಬರ್ತೀರಾ?"

"ಬರದೇ ಏನು!" ಎಂದು ಒಳಗೆ ಹೋದವರು ಇನ್ನೊಂದು ಜಪಮಾಲೆ ತಂದು ನನ್ನ ಅಂಗೈಯಲ್ಲಿಟ್ಟರು.

"ನನಗಾ?"

"ಅಲ್ಲ. ಆ ಕುರಿಗೆ."