ರುದ್ರಪ್ಪನವರ ಗೋಡೆಯ ಮೂರು ವಿಮಾನ

ಚಿತ್ರಕಲಾ ಮಾಸ್ತರರಿಗೆ ಖಾಲಿ ಜಾಗ ಕಂಡರೆ ಆಗುವುದಿಲ್ಲ. ಬೇರೆ ಊರಿನವರ ವಿಷಯ ನನಗೆ ತಿಳಿಯದು. ಬೈಲಹೊಂಗಲದಲ್ಲಿ ಮೂವತ್ತು ವರ್ಷ ಮಕ್ಕಳ ಕೈಯಲ್ಲಿ ಮಾವಿನಕಾಯಿ, ಹೂಜಿ ಬರೆಸಿದ ನನ್ನ ವಿಷಯವನ್ನಷ್ಟೇ ಹೇಳುತ್ತಿದ್ದೇನೆ. ರಜೆಯಲ್ಲಿ ನಾನು ಟ್ರ್ಯಾಕ್ಟರ್ ಟ್ರೇಲರುಗಳ ಹಿಂದೆ ಹೆಸರು ಬರೆಯುತ್ತಿದ್ದೆ, ಮದುವೆ ಮನೆಯ ಗೋಡೆಗೆ ಬಾಳೆಗಿಡ, ನವಿಲು ಬರೆಯುತ್ತಿದ್ದೆ. ಎಲ್ಲಾದರೂ ನಾಲ್ಕು ಬೆರಳು ಬಿಳಿ ಉಳಿಯಿತೋ, ಮನೆಯ ಯಜಮಾನರು ಮೆಲ್ಲಗೆ ಬಂದು, "ಸರ್, ಬಣ್ಣ ಕಡಿಮಿ ಬಿತ್ತೇನ್ರಿ?" ಎಂದು ಕೇಳುವರು. ಆ ಮಾತಿಗೆ ಹೆದರಿ ಅಲ್ಲೊಂದು ಗಿಣಿ ಕೂರಿಸುವೆ. ಹೀಗೆ ಗಿಣಿ ಕೂರಿಸುವ ಚಟ ಬೆಳೆದು ಬೆಳೆದು, ಒಬ್ಬ ಒಳ್ಳೆಯ ಮನುಷ್ಯನ ವಿಷಯದಲ್ಲಿ ನಾನು ಮಾಡಬಾರದ್ದನ್ನು ಮಾಡಿಬಿಟ್ಟೆ. ಹೇಳಿಕೊಂಡರೆ ಭಾರ ಇಳಿದೀತು ಎಂಬ ಆಸೆಯಿಂದ ಹೇಳುತ್ತಿದ್ದೇನೆ.

ನಮ್ಮ ಓಣಿಯ ರುದ್ರಪ್ಪನವರು ಹರೆಯದಲ್ಲಿ ಸೈನ್ಯದಲ್ಲಿದ್ದವರು. ಟ್ಯಾಂಕು ನಡೆಸುತ್ತಿದ್ದರು, ಗಡಿಯಲ್ಲಿ ಯುದ್ಧ ಮಾಡಿ ಬಂದವರು. ಊರಿಗೆಲ್ಲ ಅವರು ಮಿಲಿಟರಿ ರುದ್ರಪ್ಪ. ಹತ್ತು ಹನ್ನೆರಡು ವರ್ಷಗಳ ಹಿಂದೆ ಹೊಸ ಮನೆ ಕಟ್ಟಿಸಿದಾಗ ಪಡಸಾಲೆಯ ದೊಡ್ಡ ಗೋಡೆ ತೋರಿಸಿ, "ನಾ ಇದ್ದ ಲಡಾಯಿ ಇಲ್ಲಿ ತಗೀರಿ ಸರ್" ಎಂದರು. ನನ್ನ ಎದೆ ಉಬ್ಬಿತು. ಅದುವರೆಗೆ ಯಾರೂ ನನ್ನಿಂದ ನವಿಲಿಗಿಂತ ದೊಡ್ಡದನ್ನು ಕೇಳಿರಲಿಲ್ಲ.

ತೊಂದರೆ ಇಷ್ಟೇ, ನಾನು ಟ್ಯಾಂಕು ಕಂಡವನಲ್ಲ. ಫೋನಿನಲ್ಲಿ ಚಿತ್ರ ಹುಡುಕಬಹುದಿತ್ತು, ಆದರೆ ಇಷ್ಟು ವರ್ಷ ಕೈ ಪಳಗಿಸಿದವನು ಫೋನು ನೋಡಿ ಬರೆಯುವುದೇ ಎಂಬ ಸೊಕ್ಕು. ಟ್ರ್ಯಾಕ್ಟರನ್ನೇ ಮನಸ್ಸಿನಲ್ಲಿಟ್ಟುಕೊಂಡು, ಎರಡು ಗಾಲಿ ಹೆಚ್ಚಿಗೆ ಹಾಕಿ, ಮುಂದೊಂದು ಕೊಳವೆ ಸಿಕ್ಕಿಸಿದೆ. ರುದ್ರಪ್ಪನವರು ಬಹಳ ಹೊತ್ತು ನೋಡಿದರು. "ಛಲೋ ಆಗೇತ್ರಿ. ಆದ್ರ ಇದಕ್ಕ ರಂಟಿ ಕಟ್ಟಿದ್ರ ಸೀದಾ ಹೊಲಾ ಉಳಾಕ ಹೊಂಟುಬಿಡತೈತಿ" ಎಂದರು. ಆಮೇಲೆ ತಾವೇ ಪೆನ್ಸಿಲ್ ಹಿಡಿದು ಗಾಲಿಗಳ ಸುತ್ತ ಸರಪಳಿ ಪಟ್ಟಿ ಬರೆದು ತೋರಿಸಿದರು. ಅವರ ಗೆರೆ ನನ್ನ ಗೆರೆಗಿಂತ ಚೆನ್ನಾಗಿತ್ತು. ಅದನ್ನು ನಾನು ಆಗ ಒಪ್ಪಲಿಲ್ಲ.

ದಿನಾ ಸಂಜೆ ಚಹಾ ಹಿಡಿದು ಬಂದು ಕೂರುತ್ತಿದ್ದರು. ಒಂದು ಸಂಜೆ ಪೂರ್ತಿ ಕತೆ ಹೇಳಿದರು. "ಅವತ್ತ ಭಾಳ ಮಂಜ ಇತ್ರಿ. ನನ್ನ ಕೈ ನನಗ ಕಾಣ್ತಿರಲಿಲ್ಲ. ಗೋದಿ ಹೊಲದ ಕೆಸರ ರಾಡ್ಯಾಗ ನಮ್ಮ ಟ್ಯಾಂಕ್ ಸಿಕ್ಕೊಂಡಿತ್ತು. ರಾಮದುರ್ಗ ಕಡಿಯಾಂವ ಒಬ್ಬಾಂವ ನಮ್ಮ ಜೋಡಿ ಇದ್ದ. 'ನೀ ಕುಂದ್ರು, ನಾ ರಾಡಿ ತಗೀತೇನಿ' ಅಂತ ಸಲಿಕಿ ಹಿಡದು ಕೆಳಗ ಇಳದ. ರಾಡಿ ತಗದ, ಗಾಡಿ ಹೊರಗ ಬಂತು. ಗುಂಡು ಬಂದು ಬಿದ್ದದ್ದು ಆವಾಗ. ಅಂವ ಹೊಳ್ಳಿ ಮ್ಯಾಲೆ ಹತ್ತಲಿಲ್ಲ." ಚಹಾದ ಕಪ್ಪು ಕೆಳಗಿಟ್ಟು, "ಅಷ್ಟ ತಗೀರಿ ಸರ್. ವಿಮಾನ, ಬೆಂಕಿ ಏನೂ ಬ್ಯಾಡ. ಸಲಿಕಿ ಹಿಡದಾಂವ ಒಬ್ಬ ಇದ್ರ ಸಾಕು" ಎಂದರು. ಅವನ ಹೆಸರನ್ನೂ ಹೇಳಿದರು. ನಾನು ಬಣ್ಣ ಕಲಸುತ್ತ ಹೂಂ ಹೂಂ ಎಂದೆ.

ಹೂಂ ಎಂದೆನೇ ಹೊರತು ನನ್ನ ಲೆಕ್ಕವೇ ಬೇರೆ. ಮಂಜು ಬರೆಯಬೇಕೆಂದರೆ ಗೋಡೆಯನ್ನು ಇದ್ದ ಹಾಗೆ ಬಿಡಬೇಕು. ಸುಣ್ಣ ಹಚ್ಚಿದವನ ಕೆಲಸಕ್ಕೆ ಹೆಸರು ನಾನು ತೆಗೆದುಕೊಂಡಂತಾಗುತ್ತದೆ. ಇನ್ನು ಸಲಿಕೆ ಹಿಡಿದವನನ್ನು ನಿಲ್ಲಿಸಿದರೆ ಜನ ಇದನ್ನು ಮಲಪ್ರಭಾ ಕಾಲುವೆ ತೋಡಿದ ಚಿತ್ರ ಎನ್ನುತ್ತಾರೆ. ಹೀಗೆಲ್ಲ ಯೋಚಿಸಿ, ರುದ್ರಪ್ಪನವರು ಸವದತ್ತಿಗೆ ಬೀಗರ ಮನೆಗೆ ಹೋದ ಮೂರು ದಿನಗಳಲ್ಲಿ ಆಕಾಶದ ತುಂಬ ಮೂರು ವಿಮಾನ ಹಾರಿಸಿದೆ. ಕೆಳಗೆ ಬೆಂಕಿ ಹಚ್ಚಿದೆ, ಬೆಂಕಿಗೆ ಹೊಗೆ, ಹೊಗೆಗೆ ಕೆಂಪು ಅಂಚು. ಓಣಿಯವರೆಲ್ಲ ಬಂದು ನೋಡಿ ಶಾಬಾಸ್ ಎಂದರು.

ರುದ್ರಪ್ಪನವರು ಮರಳಿ ಬಂದು, ಚಪ್ಪಲಿ ಬಿಟ್ಟು, ಗೋಡೆಯ ಮುಂದೆ ನಿಂತರು. "ಭಾಳ ಕಷ್ಟಾ ಪಟ್ಟೀರಿ ಸರ್" ಎಂದರು. ಆಮೇಲೆ ಮೆಲ್ಲಗೆ, "ಅಂವ ಎಲ್ಲಿ ಅದಾನ್ರಿ?" ಎಂದು ಕೇಳಿದರು. ನನ್ನ ಬಾಯಿಗೆ ಏನು ಬಂತೋ, "ಹೊಗಿ ಹಿಂದ ಅದಾನ್ರಿ" ಎಂದುಬಿಟ್ಟೆ. ಅವರು ಚಷ್ಮಾ ಏರಿಸಿಕೊಂಡು ಆ ಹೊಗೆಯನ್ನು ನೋಡಿದರು.

ಕಳೆದ ತಿಂಗಳು ಅವರ ಮನೆಗೆ ಹೋಗಿದ್ದೆ. ಅವರಿಗೀಗ ಮರೆವು. ಊಟ ಮಾಡಿದ್ದು ನೆನಪಿರುವುದಿಲ್ಲ. ಆದರೆ ಯರಗಟ್ಟಿಯಿಂದ ಬಂದ ನೆಂಟರಿಗೆ ಬೆತ್ತದಿಂದ ಗೋಡೆ ತೋರಿಸುತ್ತ ಯುದ್ಧದ ಕತೆ ಹೇಳುತ್ತಿದ್ದರು. "ಮೂರು ವಿಮಾನ ಬಂದ್ವು. ಸುತ್ತೆಲ್ಲ ಬೆಂಕಿ. ಆಕಾಶ ಹಗಲಿನಂಗ ನಿಚ್ಚಳ ಇತ್ತು." ಹತ್ತಿರ ಕೂತು, "ರುದ್ರಪ್ಪನವರ, ಸಲಿಕಿ ಹಿಡದಾಂವ ಒಬ್ಬ ಇದ್ದನಲ್ರಿ, ರಾಮದುರ್ಗ ಕಡಿಯಾಂವ?" ಎಂದೆ. ಅವರು ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ಹುಡುಕಿದರು. "ಇಲ್ಲಲ್ರಿ. ಇದ್ದಿದ್ರ ಚಿತ್ರದಾಗ ಇರ್ತಿದ್ದ" ಎಂದರು.

ಮನೆಗೆ ಬಂದೆ. ಆ ಸಲಿಕೆಯವನ ಹೆಸರು ಏನಿತ್ತು ಎಂದು ಎಷ್ಟು ತಲೆ ಕೆರೆದುಕೊಂಡರೂ ಹೊಳೆಯಲಿಲ್ಲ. ಮರೆವಿನವರಿಗಾದರೆ ಔಷಧಿ ಚೀಟಿ ಇದೆ, ಕೇಳಿಸಿಕೊಳ್ಳದವನಿಗೆ ಏನಿದೆ? ಹೆಸರಿಲ್ಲದಿದ್ದರೂ ಆ ಮನುಷ್ಯನನ್ನಾದರೂ ನಿಲ್ಲಿಸೋಣ ಎಂದು ಮರುದಿನ ಬೆಳಿಗ್ಗೆ ಬಣ್ಣದ ಡಬ್ಬಿ ಹಿಡಿದು ಹೋದೆ. ಹೋಗಿ ನೋಡಿದರೆ ಗೋಡೆಯಲ್ಲಿ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗವಿಲ್ಲ. ಎಲ್ಲ ಕಡೆ ನಾನೇ ತುಂಬಿದ್ದೇನೆ. ಒಂದು ವಿಮಾನವನ್ನಾದರೂ ಅಳಿಸಿ ಮಂಜು ಮಾಡೋಣ ಎಂದು ಬಿಳಿ ಬಣ್ಣ ಅದ್ದಿದೆ. ರುದ್ರಪ್ಪನವರು ಎದ್ದು ಬಂದು ನನ್ನ ಕೈ ಹಿಡಿದರು. ಈ ವಯಸ್ಸಿನಲ್ಲೂ ಗಟ್ಟಿ ಹಿಡಿತ.

"ಅದನ್ನ ಯಾಕ ಅಳಸ್ತೀರಿ ಸರ್? ಅದು ಬಂದದ್ದಕ್ಕ ನಾವು ಉಳದ್ವಿ. ನೀವು ಅವತ್ತ ಅಲ್ಲಿ ಇರಲಿಲ್ಲ, ನಿಮಗ ಗೊತ್ತಿಲ್ಲ."

ಚಹಾ ತಂದ ಅವರ ಸೊಸೆ, "ಹೆಂಗೂ ಬಂದೀರಿ ಸರ್, ವಿಮಾನದ ಬಣ್ಣ ಮಾಸೇತಿ, ಒಂದೀಟು ತೀಡಿ ಹೋಗ್ರಿ" ಎಂದರು. ನಾನು ಬ್ರಶ್ಶು ತೊಳೆದು, ಮೂರೂ ವಿಮಾನಗಳಿಗೆ ಹೊಸ ಬಣ್ಣ ಹಚ್ಚಿ ಬಂದೆ.